ಇಡರ್ ಗಢ ಹತ್ತೋಣ ಬನ್ನಿ: ಅಹಮದಾಬಾದಿನ ಕನ್ನಡ ಮನೆಗಳಿಗೆ ಬಹಿರಂಗ ಪತ್ರ

ವಟ್ವಾ, ಅಹಮದಾಬಾದ್



ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಈ ವರ್ಷದ ಪ್ರವಾಸದ ಮಾತು ಬಂತು. ಒಬ್ಬರು ಸೋಮನಾಥ ಅಂದರು, ಇನ್ನೊಬ್ಬರು ಕೇವಡಿಯಾದ 182 ಮೀಟರಿನ ಸರ್ದಾರ್ ಪ್ರತಿಮೆ ಅಂದರು, ಮಕ್ಕಳು ವಾಟರ್ ಪಾರ್ಕ್ ಎಂದು ಕೂಗಿದರು. ನಾನು ಮೆಲ್ಲಗೆ ‘ಇಡರ್’ ಅಂದೆ. ಹೋಳಿಗೆ ಬಡಿಸುತ್ತಿದ್ದವರು ಒಂದು ಕ್ಷಣ ಸೌಟು ಹಿಡಿದು ನಿಂತು, ‘ಅಲ್ಲೇನಿದೆ?’ ಎಂದು ಕೇಳಿದರು. ಪಂಕ್ತಿಯ ಗದ್ದಲದಲ್ಲಿ ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಈ ಪತ್ರ.

ನಾನು ಚಿತ್ರದುರ್ಗದವನು. ಬಡತನದ ಮನೆಯಾದರೂ ಹಿತ್ತಿಲಿನಿಂದ ಕೋಟೆ ಕಾಣುತ್ತಿತ್ತು. ಬೆಳಗ್ಗೆ ಹಲ್ಲುಜ್ಜುವಾಗ ಕಣ್ಣೆತ್ತಿದರೆ ಬಂಡೆ, ಸಂಜೆ ಪರೀಕ್ಷೆಗೆ ಓದಲು ಹತ್ತಿ ಕೂರುತ್ತಿದ್ದುದೂ ಬಂಡೆ. ಇಪ್ಪತ್ತೆರಡು ವರ್ಷಗಳ ಹಿಂದೆ ಬಣ್ಣದ ಕಾರ್ಖಾನೆಯ ಕೆಲಸಕ್ಕೆಂದು ವಟ್ವಾ ಜಿಐಡಿಸಿಗೆ ಬಂದಾಗ ನನ್ನನ್ನು ಕಂಗೆಡಿಸಿದ್ದು ಭಾಷೆಯಲ್ಲ, ಸಿಹಿ ಹಾಕಿದ ದಾಲ್ ಕೂಡ ಅಲ್ಲ. ಈ ನೆಲದ ಸಪಾಟು. ಕಣ್ಣು ಎತ್ತಿದರೆ ತಡೆಯುವುದಕ್ಕೆ ಏನೂ ಇಲ್ಲ, ಚಿಮಣಿಗಳನ್ನು ಬಿಟ್ಟರೆ. ಇದು ಸಾಬರಮತಿ ಹೊತ್ತು ತಂದ ಮೆಕ್ಕಲಿನ ಬಯಲು. ಪಾಯ ತೋಡಿದರೆ ಮಣ್ಣು, ಮರಳು, ಮತ್ತೆ ಮಣ್ಣು. ಕಲ್ಲು ಸಿಗುವುದಿಲ್ಲ.

ವಟ್ವಾದಲ್ಲಿ ಹೆಸರಾದ ಕಲ್ಲು ಒಂದೇ ಒಂದು. 1452ರಲ್ಲಿ ತೀರಿಕೊಂಡ ಸೂಫಿ ಸಂತ ಕುತುಬ್-ಎ-ಆಲಮ್ ಅವರ ರೋಜಾದಲ್ಲಿ, ಅಂದರೆ ಗೋರಿಯಲ್ಲಿ, ಅದನ್ನು ಇಟ್ಟಿದ್ದಾರೆ. ಕತ್ತಲಲ್ಲಿ ನಡೆಯುವಾಗ ಕಾಲಿಗೆ ಏನೋ ಎಡವಿ, ‘ಇದೇನು ಕಬ್ಬಿಣವೋ ಕಟ್ಟಿಗೆಯೋ ಕಲ್ಲೋ’ ಎಂದು ಸಂತರು ಕೇಳಿದರಂತೆ. ಆ ವಸ್ತು ಮೂರೂ ಆಗಿಬಿಟ್ಟಿತು ಎಂಬುದು ಕತೆ. ‘ಲೋಹ-ಲಕ್ಕಡ-ಪತ್ಥರ್’ ಎಂದೇ ಅದರ ಹೆಸರು. ಆ ರೋಜಾದ ಎತ್ತರದ ಕಮಾನುಗಳ ನೆರಳಲ್ಲಿ ಬೇಸಿಗೆಯ ಎಷ್ಟೋ ಮಧ್ಯಾಹ್ನ ಕೂತಿದ್ದೇನೆ. ನಮ್ಮೂರಿನ ಬಂಡೆಯ ಹಂಬಲ ಮಾತ್ರ ಹಾಗೇ ಉಳಿದಿತ್ತು.

ಇಲ್ಲಿಗೆ ಬಂದ ಮೂರನೇ ವರ್ಷ. ಜೊತೆಯ ಕೆಲಸಗಾರರೊಬ್ಬರ ಮನೆ ಮದುವೆಗೆಂದು ಹಿಮ್ಮತ್‌ನಗರ ದಾಟಿ ಬಸ್ಸಿನಲ್ಲಿ ಹೋಗುತ್ತಿದ್ದೆ. ನಿದ್ದೆಗಣ್ಣಲ್ಲಿ ಕಿಟಕಿಯಾಚೆ ನೋಡಿದರೆ ಬಂಡೆ! ಒಂದರ ಮೇಲೊಂದು ಪೇರಿಸಿಟ್ಟ ಬಂಡೆಗಳು, ಈಗ ಉರುಳುತ್ತವೋ ಇನ್ನೊಂದು ಗಳಿಗೆಗೆ ಉರುಳುತ್ತವೋ ಎನ್ನುವ ಹಾಗೆ ನಿಂತವು. ಆನೆಯ ಬೆನ್ನಿನಂಥವು, ಆಮೆಯ ಚಿಪ್ಪಿನಂಥವು. ಸಂದಿಯಲ್ಲಿ ಗೋಡೆ, ಗೋಡೆಯ ಮೇಲೆ ತೆನೆ. ನನಗೆ ಒಂದು ಕ್ಷಣ ಬಸ್ಸು ಹಿರಿಯೂರು ದಾಟಿ ದುರ್ಗಕ್ಕೆ ಬಂತು ಅನ್ನಿಸಿತು. ಸುಳ್ಳಲ್ಲ, ಚೀಲಕ್ಕೆ ಕೈ ಹಾಕಿದ್ದೆ ಇಳಿಯಲು. ‘ಯಾವ ಊರು?’ ಎಂದು ಪಕ್ಕದ ಅಜ್ಜನನ್ನು ಕೇಳಿದೆ. ‘ಇಡರ್ ಭಾಯಿ, ಇಡರಿಯೋ ಗಢ’ ಎಂದರು. ಆ ಎರಡನೇ ಹೆಸರನ್ನು ಅವರು ಹೇಳಿದ ರೀತಿಯಲ್ಲೇ ಗೊತ್ತಾಯಿತು, ನಾವು ದುರ್ಗದವರು ‘ಕಲ್ಲಿನ ಕೋಟೆ’ ಅಂತೀವಲ್ಲ, ಹಾಗೆ.

ಆಗದ ಕೆಲಸವೊಂದನ್ನು ಸಾಧಿಸಿ ಬಂದವರಿಗೆ ಗುಜರಾತಿಯಲ್ಲಿ ‘ಇಡರಿಯೋ ಗಢ ಗೆದ್ದೆ’ ಎನ್ನುತ್ತಾರೆ. ಹೆಣ್ಣನ್ನು ಕರೆದುಕೊಂಡು ದಿಬ್ಬಣ ಮರಳುವಾಗ ಗಂಡಿನ ಕಡೆಯ ಹೆಂಗಸರು ಈ ಗಢ ಗೆದ್ದ ಹಾಡು ಹೇಳುತ್ತಾರೆ. ನೀವೂ ಅಕ್ಕಪಕ್ಕದ ಮದುವೆಗಳಲ್ಲಿ ಕೇಳಿರುತ್ತೀರಿ. ಪದ ಗೊತ್ತು, ಗಢ ಎಲ್ಲಿದೆ ಅಂತ ಮಾತ್ರ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಅಹಮದಾಬಾದಿನಿಂದ ಸುಮಾರು 110 ಕಿಲೋಮೀಟರ್ ಅಷ್ಟೆ. ಸಾಬರಕಾಂಠಾ ಜಿಲ್ಲೆ.

ಆ ಬಂಡೆಗಳ ವಿಷಯ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಮಕ್ಕಳು ಮೊದಲು ಕೇಳುವುದೇ ‘ಇವನ್ನ ಯಾರು ಜೋಡಿಸಿದ್ದು?’ ಎಂದು. ಯಾರೂ ಜೋಡಿಸಿಲ್ಲ. ನೆಲದಾಳದಲ್ಲಿ ಕರಗಿದ ಶಿಲೆ ನಿಧಾನವಾಗಿ ಆರಿ ಗ್ರಾನೈಟ್ ಆಯಿತು. ಆರುವಾಗ, ಮೇಲಿನ ಭಾರ ಇಳಿದಾಗ, ಅಡ್ಡಕ್ಕೂ ಉದ್ದಕ್ಕೂ ಬಿರುಕು ಬಿಟ್ಟು ಚೌಕ ಚೌಕವಾಯಿತು. ಬಿರುಕಿನೊಳಗೆ ನೀರಿಳಿದು ಮೊದಲು ಮೂಲೆಗಳನ್ನು ತಿಂದಿತು, ಆಮೇಲೆ ಅಂಚುಗಳನ್ನು. ಚೌಕ ಹೋಗಿ ಗುಂಡಗಾಯಿತು. ಸುತ್ತಲಿನ ಪುಡಿಮಣ್ಣನ್ನು ಮಳೆ ತೊಳೆದುಕೊಂಡು ಹೋದ ಮೇಲೆ ಗುಂಡುಗಳು ಮಾತ್ರ ಒಂದರ ಮೇಲೊಂದು ಉಳಿದವು. ಚಿತ್ರದುರ್ಗದಲ್ಲೂ ಹಂಪಿಯಲ್ಲೂ ಆದದ್ದು ಇದೇ. ವಯಸ್ಸಿನಲ್ಲಿ ಮಾತ್ರ ವ್ಯತ್ಯಾಸ. ನಮ್ಮ ಕಡೆಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ, ಇಡರಿನದಕ್ಕೆ 100 ಕೋಟಿಯೂ ತುಂಬಿಲ್ಲ. ದುರ್ಗದ ಬಂಡೆಗೆ ಇದು ಮೊಮ್ಮಗು ಅನ್ನಿ. ಮುಖದ ಕಳೆ ಮಾತ್ರ ಒಂದೇ.

ರಾಜರ ಪಟ್ಟಿ ಹೇಳಿ ನಿಮ್ಮನ್ನು ದಣಿಸುವುದಿಲ್ಲ. ಮೊದಲು ಭಿಲ್ಲರ ನೆಲೆ. 13ನೇ ಶತಮಾನದಲ್ಲಿ ರಾಠೋಡ್ ವಂಶದ ಸೋನಗ ಬಂದು ನೆಲೆ ನಿಂತ. ಆ ವಂಶದವರಿಗೆ ‘ರಾವ್’ ಎಂಬ ಬಿರುದು. ಮಧ್ಯದಲ್ಲಿ ಸುಲ್ತಾನರು, ಮೊಘಲರು. 18ನೇ ಶತಮಾನದಲ್ಲಿ ಜೋಧಪುರದ ರಾಜಮನೆತನದ ತಮ್ಮಂದಿರು ಬಂದು ಹೊಸ ಸಂಸ್ಥಾನ ಕಟ್ಟಿದರು. 1948ರಲ್ಲಿ ಮುಂಬೈ ರಾಜ್ಯಕ್ಕೆ ಸೇರಿತು.

ಆದರೆ ರಣಮಲ್ಲನನ್ನು ಬಿಟ್ಟು ಮುಂದೆ ಹೋಗಲಾರೆ. ರಾವ್ ರಣಮಲ್ಲ 14ನೇ ಶತಮಾನದ ಕೊನೆಯಲ್ಲಿ ಪಾಟಣದ ಸುಬೇದಾರ ಜಫರ್ ಖಾನನ ದಂಡನ್ನು ಈ ಬಂಡೆಗಳ ಮರೆಯಿಂದ ಎದುರಿಸಿದವನು. ಆ ಜಫರ್ ಖಾನನೇ ಮುಂದೆ ಗುಜರಾತಿನ ಮೊದಲ ಸುಲ್ತಾನನಾದ. ಅವನ ಮೊಮ್ಮಗ ಅಹಮದ್ ಶಾ 1411ರಲ್ಲಿ ನಾವಿಂದು ಅನ್ನ ತಿನ್ನುತ್ತಿರುವ ಈ ಅಹಮದಾಬಾದನ್ನು ಕಟ್ಟಿದ. ತಾತನ ಕಾಲದ ಹಗೆ ಮೊಮ್ಮಗನಿಗೂ ಬಂತು. ಇಡರನ್ನು ಹತ್ತಿರದಿಂದಲೇ ಹದ್ದುಬಸ್ತಿನಲ್ಲಿ ಇಡಬೇಕೆಂದು ಅಹಮದ್ ಶಾ 1426ರಲ್ಲಿ ಹಾಥಮತಿ ಹೊಳೆಯ ದಡದಲ್ಲಿ ಇನ್ನೊಂದು ಊರು ಕಟ್ಟಿ ಅದಕ್ಕೂ ತನ್ನದೇ ಹೆಸರಿಟ್ಟ. ಅದು ಅಹಮದ್‌ನಗರ, ಇಂದಿನ ಹಿಮ್ಮತ್‌ನಗರ. ಒಂದು ಗುಡ್ಡದ ಕೋಟೆಯ ಭಯಕ್ಕೆ ಒಬ್ಬ ಸುಲ್ತಾನ ಒಂದು ಪಟ್ಟಣವನ್ನೇ ಕಟ್ಟಿದ ಎಂದರೆ ಆ ಕೋಟೆಯ ಬಲ ಎಂಥದ್ದಿರಬೇಕು, ನೀವೇ ಯೋಚಿಸಿ. ರಣಮಲ್ಲನ ಮಗ ರಾವ್ ಪೂಂಜಾ 1428ರಲ್ಲಿ ಸುಲ್ತಾನನ ದಂಡು ಬೆನ್ನಟ್ಟಿದಾಗ, ಆನೆಯನ್ನು ಕಂಡು ಕುದುರೆ ಬೆದರಿ ಕಮರಿಗೆ ಬಿದ್ದು ಸತ್ತ. ಯುದ್ಧಭೂಮಿಯಲ್ಲಿ ಅಲ್ಲ, ತನ್ನದೇ ಗುಡ್ಡದ ಕೊರಕಲಿನಲ್ಲಿ.

ರಣಮಲ್ಲನ ಮೇಲೆ ಶ್ರೀಧರ ವ್ಯಾಸ ಎಂಬ ಕವಿ ಸುಮಾರು 1400ರ ಹೊತ್ತಿಗೆ ಬರೆದ ‘ರಣಮಲ್ಲ ಛಂದ’ ಎಂಬ ಕಾವ್ಯವಿದೆ. ಎಪ್ಪತ್ತರಷ್ಟು ಪದ್ಯಗಳ ಚಿಕ್ಕ ಕೃತಿ. ಹಳೆಯ ಗುಜರಾತಿಯ ವೀರಕಾವ್ಯಗಳಲ್ಲಿ ಅದಕ್ಕೆ ದೊಡ್ಡ ಸ್ಥಾನ. ನಮ್ಮ ದುರ್ಗಕ್ಕೆ ಕಾದಂಬರಿಕಾರ ತ.ರಾ.ಸು. ಸಿಕ್ಕಿದ್ದು ಕೋಟೆ ಬಿದ್ದು ಸುಮಾರು ಎರಡು ಶತಮಾನ ಕಳೆದ ಮೇಲೆ. ಇಡರಿಗೆ ಅದರ ಕವಿ ಯುದ್ಧದ ಧೂಳು ಆರುವ ಮೊದಲೇ ಸಿಕ್ಕಿದ.

ಈಗ ಹತ್ತುವ ಮಾತಿಗೆ ಬರೋಣ. ಊರಿನ ಪೇಟೆ ದಾಟಿದರೆ ಗುಡ್ಡದ ಬುಡ. ಪೇಟೆಯಲ್ಲಿ ಅರಗಿನ ಬಣ್ಣದ ಮರದ ಆಟಿಕೆಗಳ ಅಂಗಡಿಗಳಿವೆ, ಚನ್ನಪಟ್ಟಣ ನೆನಪಾಗುತ್ತದೆ. ಇಳಿದು ಬಂದ ಮೇಲೆ ಕೊಳ್ಳಿ, ಹತ್ತುವ ಮೊದಲು ಬೇಡ. ಮೆಟ್ಟಿಲಿನ ದಾರಿಯಲ್ಲಿ ಸಂಸ್ಥಾನದ ಕೊನೆಗಾಲದ ಮಹಾರಾಜ ದೌಲತ್ ಸಿಂಗರ ಹೆಸರಿನ ದೌಲತ್ ವಿಲಾಸ ಅರಮನೆ ಸಿಗುತ್ತದೆ. ಪಾಳು ಬಿದ್ದಿದೆ. ಒಂದು ಕಾಲಕ್ಕೆ ದೀಪ ಉರಿದ ಕಂಬಸಾಲಿನಲ್ಲಿ ಈಗ ಪಾರಿವಾಳ. ಗೋಡೆಯ ತುಂಬ ಹೆಸರು ಗೀಚಿದ್ದಾರೆ. ಆ ಗೋಡೆಯ ಮುಂದೆ ನಾನು ಪ್ರತಿ ಸಲವೂ ಒಂದು ನಿಮಿಷ ನಿಲ್ಲುತ್ತೇನೆ. ಅದರ ಮೇಲೆ ನಮ್ಮ ಮಕ್ಕಳ ಹೆಸರು ಯಾವತ್ತೂ ಬೀಳಬಾರದು.

ಅಲ್ಲಿಂದ ಮೇಲಕ್ಕೆ ಬಂಡೆಗಳು ಶುರು. ದುರ್ಗದವರಿಗೆ ಹೇಳಬೇಕಾಗಿಲ್ಲ, ಬಂಡೆಗೆ ಅಂಗೈ ಒತ್ತಿ ಹತ್ತುವ ಸುಖವೇ ಬೇರೆ. ಬೆಳಗಿನ ಬಂಡೆ ತಣ್ಣಗಿರುತ್ತದೆ, ಹತ್ತು ಗಂಟೆಯ ಬಂಡೆ ಬೆಚ್ಚಗೆ, ಹನ್ನೆರಡರ ಬಂಡೆ ಕಾವಲಿ. ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ನುಸುಳುವಾಗ ನನ್ನ ಮಗಳಿಗೆ ಓಬವ್ವನ ಕಿಂಡಿಯ ಕತೆ ಹೇಳಿದೆ. ಅಹಮದಾಬಾದಿನಲ್ಲೇ ಹುಟ್ಟಿ, ಗರ್ಬಾ ಕುಣಿದು ಬೆಳೆದವಳು. ಕತೆಯನ್ನು ಮನೆಯಲ್ಲಿ ಹತ್ತು ಸಲ ಕೇಳಿದ್ದಳು, ಒಂದು ಸಲವೂ ಒನಕೆಯ ಮಾತು ಬಿಟ್ಟು ಬೇರೇನೂ ಕೇಳಿರಲಿಲ್ಲ. ಅವತ್ತು ಸಂದಿಯಿಂದ ಈಚೆ ಬಂದು, ತಿರುಗಿ ನೋಡಿ, ‘ಹಾಗಾದ್ರೆ ಒಬ್ಬೊಬ್ಬರೇ ಬಗ್ಗಿ ಬರಬೇಕಿತ್ತು, ಅದಕ್ಕೇ ಅವಳಿಗೆ ಸಾಧ್ಯ ಆಯ್ತು’ ಅಂದಳು. ಹತ್ತು ವರ್ಷ ನಾನು ಹೇಳಿ ತಿಳಿಸಲಾಗದ್ದನ್ನು ಗುಜರಾತಿನ ಎರಡು ಬಂಡೆಗಳು ತಿಳಿಸಿದವು.

ಮೇಲೆ ಶಾಂತಿನಾಥ ಬಸದಿಯಿದೆ, ಹಳೆಯದು. ಪೂಜೆ ನಡೆಯುತ್ತದೆ, ಚರ್ಮದ ಬೆಲ್ಟು ತೆಗೆದಿಟ್ಟು ಒಳಗೆ ಹೋಗಿ. ಇನ್ನೂ ಎತ್ತರದಲ್ಲಿ ‘ರಣಮಲ್ಲನ ಚೌಕಿ’ ಎಂಬ ಕಲ್ಲಿನ ಕಟ್ಟಡ, ಮತ್ತೊಂದು ತುದಿಗೆ ‘ರೂಠೀ ರಾಣೀ ನು ಮಾಳಿಯುಂ’, ಅಂದರೆ ಮುನಿಸಿಕೊಂಡ ರಾಣಿಯ ಮಾಳಿಗೆ. ಅರಸನ ಮೇಲೆ ಮುನಿದು ರಾಣಿ ಇಲ್ಲಿ ಬಂದು ಒಬ್ಬಳೇ ಇದ್ದಳಂತೆ. ಯಾಕೆ ಮುನಿದಳು ಎಂಬುದಕ್ಕೆ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಕತೆ ಹೇಳುತ್ತಾರೆ. ನಮ್ಮ ಮನೆಯವರು ಆ ಕಿಟಕಿಯಲ್ಲಿ ಬಹಳ ಹೊತ್ತು ನಿಂತಿದ್ದರು. ಕೆಳಗೆ ಇಡರಿನ ಬಿಳಿ ಮನೆಗಳು, ರಾಣಿ ತಲಾವ್‌ ಕೆರೆಯ ನೀರು, ದೂರಕ್ಕೆ ಅರಾವಳಿಯ ನೀಲಿ ಗೆರೆ. ‘ಮುನಿಸಿಕೊಳ್ಳೋದಕ್ಕೆ ಒಳ್ಳೆ ಜಾಗ’ ಎಂದರು. ಮದುವೆಯಾಗಿ ತವರಿನಿಂದ ಸಾವಿರದ ನಾನೂರು ಕಿಲೋಮೀಟರ್ ಬಂದ ಹೆಣ್ಣುಮಗಳ ಬಾಯಲ್ಲಿ ಆ ಮಾತು ನನಗೆ ತಟ್ಟಿತು. ನಮ್ಮ ಹೆಂಗಸರಿಗೆ ಈ ಊರಲ್ಲಿ ಸುಮ್ಮನೆ ಎತ್ತರದಲ್ಲಿ ಕೂತು ದೂರ ನೋಡುವ ಜಾಗ ಎಲ್ಲಿದೆ? ಕೋಟೆ ಹತ್ತುವುದು ಗಂಡಸರ, ಹುಡುಗರ ಕೆಲಸ ಅಂದುಕೊಂಡು ಅವರನ್ನು ಬುಡದ ದೇವಸ್ಥಾನದಲ್ಲಿ ಕೂರಿಸಿ ಹೋಗಬೇಡಿ ದಯವಿಟ್ಟು.

ನಿಮಗೆ ಇಡರ್ ತೋರಿಸಬೇಕು ಎಂದು ನಾನು ಹಟ ಹಿಡಿದಿರುವುದು ಬಂಡೆಯ ನೆನಪಿಗಷ್ಟೇ ಅಲ್ಲ. ಕುವೆಂಪು ಅವರಿಗೆ ಜ್ಞಾನಪೀಠ ಬಂದ ವರ್ಷ 1967 ಎಂದು ನಮ್ಮ ಮಕ್ಕಳೆಲ್ಲ ರಸಪ್ರಶ್ನೆಯಲ್ಲಿ ಹೇಳುತ್ತಾರೆ. ಆ ವರ್ಷದ ಪ್ರಶಸ್ತಿಯನ್ನು ಇಬ್ಬರಿಗೆ ಹಂಚಲಾಗಿತ್ತು. ‘ಶ್ರೀ ರಾಮಾಯಣ ದರ್ಶನಂ’ ಬರೆದ ಕುವೆಂಪು ಅವರ ಜೊತೆಯಲ್ಲಿ ಅದನ್ನು ಪಡೆದವರು ‘ನಿಶೀಥ’ ಬರೆದ ಗುಜರಾತಿ ಕವಿ ಉಮಾಶಂಕರ ಜೋಶಿ. ಉಮಾಶಂಕರರು 1911ರಲ್ಲಿ ಹುಟ್ಟಿದ್ದು ಇಡರ್ ಸೀಮೆಯ ಬಾಮಣಾ ಎಂಬ ಹಳ್ಳಿಯಲ್ಲಿ. ಓದಿದ್ದು ಈ ಗಢದ ಬುಡದ ಸರ್ ಪ್ರತಾಪ್ ಹೈಸ್ಕೂಲಿನಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ಕುಪ್ಪಳಿಯ ಹುಡುಗನಿಗೆ ಕವಿಶೈಲ, ಬಾಮಣಾದ ಹುಡುಗನಿಗೆ ಇಡರಿನ ಗುಡ್ಡ.

ಅದೇ ಶಾಲೆಯಲ್ಲಿ ಅವರ ಜೊತೆಗೆ ಓದಿದ ಇನ್ನೊಬ್ಬ ಹುಡುಗ ಪನ್ನಾಲಾಲ್ ಪಟೇಲ್. ಬಡತನಕ್ಕೆ ಎಂಟನೇ ತರಗತಿಯ ಹೊತ್ತಿಗೇ ಓದು ನಿಂತಿತು. ಹೊಟ್ಟೆಪಾಡಿಗೆ ಅಹಮದಾಬಾದಿಗೆ ಬಂದು ವಿದ್ಯುತ್ ಕಂಪನಿಯಲ್ಲಿ ಯಂತ್ರಕ್ಕೆ ಎಣ್ಣೆ ಹಾಕುವ ಕೆಲಸ ಮಾಡಿದರು, ಮನೆಮನೆಗೆ ಹೋಗಿ ಮೀಟರ್ ಓದಿದರು. 1936ರಲ್ಲಿ ಹಳೆಯ ಸಹಪಾಠಿ ಉಮಾಶಂಕರ ಈ ಊರಲ್ಲೇ ಸಿಕ್ಕಿ ‘ನೀನು ಬರಿ’ ಎಂದು ಹಟ ಹಿಡಿದರು. ಆ ಮೀಟರ್ ಓದುವವರು ಬರೆದದ್ದೇ ‘ಛಪ್ಪನಿಯೋ’ ಎಂದು ಹೆಸರಾದ ಬರಗಾಲದ ಕಾದಂಬರಿ ‘ಮಾನವೀನೀ ಭವಾಈ’. 1985ರ ಜ್ಞಾನಪೀಠ ಅವರಿಗೆ. ಒಂದೇ ಶಾಲೆಯ ಬೆಂಚಿನಿಂದ ಇಬ್ಬರು ಜ್ಞಾನಪೀಠಿಗಳು! ವಟ್ವಾದಲ್ಲಿ, ನಾರೋಲಿನಲ್ಲಿ, ಒಢವದಲ್ಲಿ ಮೂರು ಪಾಳಿಯಲ್ಲಿ ದುಡಿಯುತ್ತ, ಕನ್ನಡದಲ್ಲಿ ಏನಾದರೂ ಬರೆಯಬೇಕೆಂದು ಡೈರಿ ಇಟ್ಟುಕೊಂಡು ಸುಮ್ಮನಿರುವ ತಮ್ಮಂದಿರು ನಮ್ಮಲ್ಲಿ ಇದ್ದಾರೆ. ನನಗೆ ಗೊತ್ತು. ಅವರು ಆ ಶಾಲೆಯ ಗೇಟಿನ ಮುಂದೆ ನಿಂತು ಒಮ್ಮೆ ಗಢದ ಕಡೆ ನೋಡಬೇಕು.

ಇನ್ನೊಂದು ನಂಟು ಇದಕ್ಕಿಂತ ಹಳೆಯದು. ಗಾಂಧೀಜಿ ತಮ್ಮ ಬಾಳಿನ ಮೇಲೆ ಆಳವಾದ ಪ್ರಭಾವ ಬೀರಿದವರೆಂದು ಟಾಲ್‌ಸ್ಟಾಯ್, ರಸ್ಕಿನ್ ಜೊತೆಗೆ ಹೆಸರಿಸಿದ್ದು ಶ್ರೀಮದ್ ರಾಜಚಂದ್ರರನ್ನು. 1867ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡ ಈ ಜೈನ ಸಾಧಕರು ಕೊನೆಯ ವರ್ಷಗಳಲ್ಲಿ ಇಡರಿನ ಗುಡ್ಡಗಳಲ್ಲಿ ಉಳಿದು, ಬಂಡೆಯ ಮೇಲೆ ಕೂತು ಏಳು ಜನ ಮುನಿಗಳಿಗೆ ‘ದ್ರವ್ಯಸಂಗ್ರಹ’ ಓದಿ ವಿವರಿಸಿದರು. ಆ ಗ್ರಂಥವನ್ನು ಪರಂಪರೆ ಯಾರದೆಂದು ಹೇಳುತ್ತದೆ ಗೊತ್ತೆ? ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರಾಚಾರ್ಯರದು ಎಂದು. ನಮ್ಮ ವಿಂಧ್ಯಗಿರಿಯ ಗ್ರಾನೈಟಿನ ಜೊತೆ ಹೆಸರು ಬೆಸೆದುಕೊಂಡ ಗುರುವಿನ ಮಾತು, ಒಂಬತ್ತು ಶತಮಾನಗಳ ಮೇಲೆ ಇಡರಿನ ಗ್ರಾನೈಟಿನ ಮೇಲೆ ಕೇಳಿಸಿತು. ಸಾಧಕರು ಕೂತಿದ್ದ ಆ ಗುಡ್ಡವನ್ನು ಇಂದೂ ಶ್ರದ್ಧೆಯಿಂದ ಕಾಪಾಡಿದ್ದಾರೆ. ಅಲ್ಲಿ ಮಾತಾಡದೆ ನಡೆಯಬೇಕು.

ಈಗ ಮನಸ್ಸಿಗೆ ನೋವಾಗುವ ಸಂಗತಿ. ಇದೇ ಗುಡ್ಡಸಾಲಿನಲ್ಲಿ ಗ್ರಾನೈಟ್ ಗಣಿಗಾರಿಕೆ ನಡೆದಿದೆ. ಗಢ ಉಳಿಸಿ ಎಂದು ಇಡರಿನ ಜನ ಬೀದಿಗಿಳಿದು ಹೋರಾಡಿದ್ದಾರೆ. ಕೋಟೆಯ ಮೇಲೆ ನಿಂತರೆ ಗುಂಡು ಬಂಡೆಗಳ ನಡುವೆ ಅಲ್ಲಲ್ಲಿ ಚಾಕುವಿನಿಂದ ಕೊಯ್ದಂಥ ಚಪ್ಪಟೆ ಗಾಯಗಳು ಕಾಣುತ್ತವೆ. ಕಲ್ಲು ಬೇಡ ಎಂದು ನಾನು ಹೇಳಲಾರೆ. ನಮ್ಮೆಲ್ಲರ ಅಡುಗೆಮನೆಯ ಕಟ್ಟೆಯೂ ಗ್ರಾನೈಟಿನದೇ, ಕಲ್ಲು ಒಡೆಯುವವನೂ ನನ್ನ ಹಾಗೆ ಹೊಟ್ಟೆಪಾಡಿನವನೇ. ಆದರೆ ಎಲ್ಲ ಕಲ್ಲೂ ಒಂದೇ ಅಲ್ಲ. ದುರ್ಗದ ಏಳು ಸುತ್ತಿನ ಕೋಟೆಯ ಒಂದು ಬಂಡೆಗೆ ಡೈನಮೈಟ್ ಇಟ್ಟರೆ ನಾವು ಇಲ್ಲಿಂದ ರಾತ್ರೋರಾತ್ರಿ ರೈಲು ಹತ್ತುವುದಿಲ್ಲವೇ? ಇಡರಿನ ಬಂಡೆಯೇ ಇಡರಿನ ಕೋಟೆಗೋಡೆ. ಕಟ್ಟಿದ ಗೋಡೆ ಬಿದ್ದರೆ ಮತ್ತೆ ಕಟ್ಟಬಹುದು, ಕೋಟಿ ವರ್ಷ ನೀರು ತಿದ್ದಿದ ಗುಂಡನ್ನು ಕಟ್ಟುವುದಕ್ಕೆ ಯಾವ ಮೇಸ್ತ್ರಿಗೂ ಬರುವುದಿಲ್ಲ.

‘ಅದು ಗುಜರಾತಿನವರ ಕೋಟೆ, ನಮಗೇನು?’ ಎಂದು ಒಬ್ಬರು ಹಿರಿಯರು ನನ್ನನ್ನು ಕೇಳಿದ್ದಾರೆ. ಅವರ ಮೇಲಿನ ಗೌರವದಿಂದಲೇ ಹೇಳುತ್ತೇನೆ, ನನಗೆ ಆ ಮಾತು ಒಪ್ಪಿಗೆಯಿಲ್ಲ. ಇಪ್ಪತ್ತು, ಮೂವತ್ತು ವರ್ಷ ಈ ನೀರು ಕುಡಿದಿದ್ದೇವೆ. ಮಕ್ಕಳ ಜನನ ಪತ್ರದಲ್ಲಿ ಅಹಮದಾಬಾದ್ ಎಂದಿದೆ. ವರ್ಷಕ್ಕೊಮ್ಮೆ ಭುವನೇಶ್ವರಿಯ ಪಟಕ್ಕೆ ಹಾರ ಹಾಕಿ, ಉಳಿದ ದಿನ ಈ ನೆಲದ ಮೇಲೆ ಬಾಡಿಗೆದಾರರ ಹಾಗೆ ಇರುವುದು ನಮಗೂ ಒಳ್ಳೆಯದಲ್ಲ, ನೆಲಕ್ಕೂ ಅಲ್ಲ. ಯಾರೂ ಹತ್ತದ ಕೋಟೆಯನ್ನು ಕೇಳುವವರೂ ಇರುವುದಿಲ್ಲ. ನೂರು ಮನೆಯವರು ಮಕ್ಕಳ ಕೈ ಹಿಡಿದು ಹತ್ತಿದರೆ ಆ ಬೆಟ್ಟಕ್ಕೆ ನೂರು ಮನೆಯ ಸಾಕ್ಷಿ ಇರುತ್ತದೆ. ನಾವು ಮಾಡಬಹುದಾದದ್ದು ಅಷ್ಟು, ಅಷ್ಟನ್ನಾದರೂ ಮಾಡೋಣ.

ಹೋಗುವ ದಾರಿ ಸರಳ. ನರೋಡಾ ದಾಟಿ ಹೆದ್ದಾರಿ ಹಿಡಿದರೆ ಪ್ರಾಂತಿಜ್, ಹಿಮ್ಮತ್‌ನಗರ, ಅಲ್ಲಿಂದ ಮೂವತ್ತು ಕಿಲೋಮೀಟರ್ ಇಡರ್. ಸರ್ಕಾರಿ ಬಸ್ಸಿನವರಿಗೆ ಗೀತಾಮಂದಿರ ನಿಲ್ದಾಣವಿದೆ. ದೀಪಾವಳಿಯಿಂದ ಹೋಳಿಯವರೆಗೆ ಒಳ್ಳೆಯ ಕಾಲ, ಏಪ್ರಿಲ್ ನಂತರ ಬಂಡೆ ಕಾಲಿಡಲು ಬಿಡುವುದಿಲ್ಲ. ತಲೆಗೆ ಎರಡು ಲೀಟರಿನಂತೆ ನೀರು ಹೊತ್ತುಕೊಳ್ಳಿ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ. ಊಟಕ್ಕೆ ಬುತ್ತಿ: ನಮ್ಮ ಮನೆಯಿಂದ ಚಿತ್ರಾನ್ನ, ಮೊಸರನ್ನ ಬರುತ್ತದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಉತ್ತರ ಕರ್ನಾಟಕದ ಅಕ್ಕಂದಿರು ತರಬೇಕೆಂದು ಕೇಳಿಕೊಳ್ಳುತ್ತೇನೆ. ಮಂಗಗಳಿವೆ, ಬುತ್ತಿ ಬಿಚ್ಚುವಾಗ ಜಾಗ್ರತೆ. ಪ್ಲಾಸ್ಟಿಕ್ ಒಂದು ಚೂರೂ ಮೇಲೆ ಉಳಿಯಬಾರದು, ಅದಕ್ಕೆ ಖಾಲಿ ಗೋಣಿಚೀಲ ನಾನೇ ತರುತ್ತೇನೆ. ಮಂಡಿನೋವಿನ ಹಿರಿಯರು ದೌಲತ್ ವಿಲಾಸದವರೆಗೆ ಬಂದು ನೆರಳಲ್ಲಿ ಕೂತರೂ ಸಾಕು, ಅಲ್ಲಿಂದಲೇ ಬಂಡೆಗಳು ಚೆನ್ನಾಗಿ ಕಾಣುತ್ತವೆ.

ಉತ್ತರಾಯಣದ ಗಾಳಿಪಟ ಮುಗಿದ ಮೇಲೆ ಬರುವ ಮೊದಲ ಭಾನುವಾರ ಎಂದು ಗೊತ್ತುಮಾಡಿದ್ದೇನೆ. ಐವತ್ತು ಸೀಟಿನ ಬಸ್ಸು ಬೆಳಗಿನ ಐದೂವರೆಗೆ ವಟ್ವಾ ರೈಲು ನಿಲ್ದಾಣದ ಮುಂದಿನಿಂದ ಹೊರಡುತ್ತದೆ. ಸದ್ಯಕ್ಕೆ ಅದರಲ್ಲಿ ನಮ್ಮ ಮನೆಯ ಮೂವರ ಹೆಸರು ಮಾತ್ರ ಇದೆ.

ನಿಮ್ಮವನೇ ಆದ,
ದುರ್ಗದ ಒಬ್ಬ ವಟ್ವಾ ನಿವಾಸಿ